ಪುಲಿಗೆರೆ ಮುನ್ನೂರರಿಂದ ಲಕ್ಷ್ಮೇಶ್ವರ ತಾಲೂಕಿನವರೆಗೆ

1997ರ ಆಗಸ್ಟ್ 24ರಂದು ಗದಗ ಜಿಲ್ಲೆ ಹುಟ್ಟಿತು. ಅಲ್ಲಿಯವರೆಗೆ ಮುಂಡರಗಿಯ ರೈತನಿಗೆ ಜಿಲ್ಲಾ ಕಚೇರಿ ಎಂದರೆ ಧಾರವಾಡ. ರೊಟ್ಟಿ ಬುತ್ತಿ ಕಟ್ಟಿಕೊಂಡು ನಸುಕಿನಲ್ಲೇ ಬಸ್ ಹತ್ತಬೇಕು, ಸಾಹೇಬರು ಸಿಗದಿದ್ದರೆ ಮತ್ತೊಂದು ದಿನ ಅಲೆಯಬೇಕು. ಆ ಅಲೆದಾಟ ತಪ್ಪಿದ್ದೇ ಈ ಜಿಲ್ಲೆಯ ದೊಡ್ಡ ಗಳಿಕೆ. 2018ರಲ್ಲಿ ಲಕ್ಷ್ಮೇಶ್ವರವೂ ಶಿರಹಟ್ಟಿಯಿಂದ ಬೇರೆಯಾಗಿ ತಾಲೂಕಾಯಿತು.

ಆದರೆ ಈ ಸೀಮೆಯ ಲೆಕ್ಕ 1997ರಿಂದ ಶುರುವಾಗುವುದಿಲ್ಲ. ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯಲ್ಲಿ ಶಾಸನದ ಕಲ್ಲುಗಳ ಮುಂದೆ ಒಂದು ಗಳಿಗೆ ನಿಲ್ಲಿ. ಊರಿನ ಹಳೆಯ ಹೆಸರು ಪುಲಿಗೆರೆ. ಅದು ಪುಲಿಗೆರೆ-300 ಎಂಬ ನಾಡಿನ ತಲೆಯೂರಾಗಿತ್ತು. ಪಕ್ಕದಲ್ಲಿ ಅಣ್ಣಿಗೇರಿಯ ಬೆಳ್ವೊಲ-300, ಡಂಬಳದ ಕಡೆ ಮಾಸವಾಡಿ-140. ಆ ಸಂಖ್ಯೆ ಹಳ್ಳಿಗಳದೋ ಕಂದಾಯದ್ದೋ ಎಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ. ಇಂಗ್ಲೆಂಡಿನ ಕೌಂಟಿಗಳಲ್ಲೂ ‘ನೂರು’ ಎಂದೇ ಕರೆಯುವ ವಿಭಾಗಗಳಿದ್ದವು, ಅವುಗಳೊಳಗೆ ಚರ್ಚಿನ ಸುತ್ತಲಿನ ಪ್ಯಾರಿಷ್‌ಗಳು. ಅಲ್ಲಿ ಊರೂರಿನ ಚರಿತ್ರೆ ಬರೆಯುವ ಹಲವರು ಇಂದಿಗೂ ಆ ‘ನೂರು’ಗಳನ್ನು ಹಿಡಿದೇ ಬರೆಯುತ್ತಾರೆ. ನಮ್ಮ ಮಕ್ಕಳಿಗೆ ತಮ್ಮೂರು ಯಾವ ನಾಡಿನಲ್ಲಿತ್ತು ಎಂದು ಹೇಳಿಕೊಟ್ಟವರು ಕಡಿಮೆ. ಇದು ನಮ್ಮ ಲೋಪ.

ನಡುವಿನ, ಅಂದರೆ ಬ್ರಿಟಿಷರ ಕಾಲದ ಕಥೆಯನ್ನಂತೂ ಪೂರಾ ಮರೆತಿದ್ದೇವೆ. ಗದಗ, ಬೆಟಗೇರಿ, ಮುಂಡರಗಿ ಮುಂಬೈ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿದ್ದವು. ಲಕ್ಷ್ಮೇಶ್ವರ ಹಿರಿಯ ಮೀರಜ ಸಂಸ್ಥಾನದ್ದು, ಅದರ ಸನಿಹದ ಶಿರಹಟ್ಟಿ ಸಾಂಗ್ಲಿಯದು. ಎರಡಕ್ಕೂ ಪಟವರ್ಧನ ಮನೆತನದವರೇ ಒಡೆಯರು, ಆದರೆ ದಫ್ತರ ಬೇರೆ, ಗಡಿ ಬೇರೆ. ಒಂದು ಸಂಸ್ಥಾನದ ಊರಿನಿಂದ ಹೆಣ್ಣು ತಂದು ಇನ್ನೊಂದರಲ್ಲಿ ಹೊಲ ಉತ್ತ ಮನೆತನಗಳಿಗೆ ಆ ಗೆರೆ ಎಷ್ಟು ಭಾರವಾಗಿದ್ದಿರಬೇಕು! 1948ರಲ್ಲಿ ಸಂಸ್ಥಾನಗಳು ಮುಂಬೈ ಪ್ರಾಂತದಲ್ಲಿ ವಿಲೀನವಾದವು. 1956ರ ನವೆಂಬರ್ 1ಕ್ಕೆ ಈ ಊರುಗಳೆಲ್ಲ ಮೈಸೂರು ರಾಜ್ಯಕ್ಕೆ ಬಂದವು.

ಗೆರೆ ಎಳೆದವರು ಯಾವಾಗಲೂ ಆಳುವವರೇ. ಬೆಳ್ವೊಲದ ಅಣ್ಣಿಗೇರಿ ಇಂದು ಧಾರವಾಡ ಜಿಲ್ಲೆಯಲ್ಲಿದೆ, ಅದೇ ಎರೆಭೂಮಿಯ ಗದಗ ಈಚೆಗಿದೆ. ಹಾಗೆಂದು ಜಿಲ್ಲೆ ಬೇಡವಾಗಿತ್ತು ಎನ್ನಲಾಗದು. ಬೇಕಿತ್ತು, ತಡವಾಗಿಯೇ ಬಂತು. ಹಳೆಯ ಗೆರೆಗಳ ದಾಖಲೆಯನ್ನು ಮಾತ್ರ ನಾವೇ ಕಾಯಬೇಕು.

ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯ ಓದುಗರಲ್ಲಿ ಒಂದು ಕೋರಿಕೆ. ಅಜ್ಜನ ಟ್ರಂಕಿನಲ್ಲಿ ಹಳೆಯ ಉತಾರದ ಜೊತೆ ಸಂಸ್ಥಾನದ ಕಾಲದ ಮರಾಠಿ ದಫ್ತರದ ಮೋಡಿ ಲಿಪಿಯ ಕಾಗದ ಸಿಕ್ಕರೆ ರದ್ದಿಗೆ ಹಾಕಬೇಡಿ. ಮೋಡಿ ಬಲ್ಲವರಿಂದ ಓದಿಸಿ, ಫೋಟೋ ತೆಗೆದಿಡಿ. ಓದಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.