ಸೈಕಲ್ಲಿನ ಮುಂಗಡೆಯ ಹೊರೆ

ಮನೆಯಲ್ಲಿ ಸೈಕಲ್ಲು ಇದ್ದಮೇಲೆ ಅದಕ್ಕೊಂದು ಚೀಲವೂ ತಪ್ಪಿದ್ದಲ್ಲ. ಬೆಳಗ್ಗೆ ಕಛೇರಿಗೆ ಹೊರಡುವಾಗ ತಿಂಡಿಯ ಡಬ್ಬಿ, ಸಂಜೆ ಮರಳುವಾಗ ಸೊಪ್ಪು ತರಕಾರಿ, ಹಬ್ಬದ ಮುನ್ನಾದಿನ ಬಾಳೆಯೆಲೆ, ಮಾವಿನ ಸೊಪ್ಪು. ಇವೆಲ್ಲಕ್ಕೂ ಜಾಗ ಎಲ್ಲಿ? ಹಿಂದಿನ ಕ್ಯಾರಿಯರಿನ ಮೇಲೆ ಮಗು ಕುಳಿತಿರುತ್ತದೆ, ಇಲ್ಲವೆ ಮಗುವಿನ ಪಾಟೀಚೀಲ ಕುಳಿತಿರುತ್ತದೆ. ಉಳಿದದ್ದು ಹ್ಯಾಂಡಲ್ಲು ಒಂದೇ. ಒಂದು ಕಾಲಕ್ಕೆ ಸೈಕಲ್ಲುಗಳ ಊರೆಂದೇ ಹೆಸರಾಗಿದ್ದ ನಮ್ಮ ಪುಣೆಯಲ್ಲಿ, 1886ರಲ್ಲಿ ತೆರೆದ ಮಂಡಯಿಯ ಮುಂದೆ ಭಾನುವಾರ ಬೆಳಗ್ಗೆ ಹತ್ತು ನಿಮಿಷ ನಿಂತು ನೋಡಿ. ಹ್ಯಾಂಡಲ್ಲಿನ ಎರಡು ಕೊನೆಗೂ ಚೀಲ ತೂಗಿಸಿಕೊಂಡು ತಕ್ಕಡಿಯಂತೆ ಓಲಾಡುತ್ತ ಸಾಗುವ ಗೃಹಸ್ಥರು ಇಂದಿಗೂ ಕಾಣಸಿಗುತ್ತಾರೆ.

ಮುಂಬಯಿಯ ಡಬ್ಬಾವಾಲರು ಹಾಗೆಯೇ ಒಯ್ಯುವುದಿಲ್ಲವೆ ಎಂದು ಅಲ್ಲಿನ ವಾಚಕರು ಕೇಳಬಹುದು. ನಿಜ, ಆದರೆ ಅದು ಅವರ ಕಸಬು. ದಿನವೂ ಅದೇ ದಾರಿ, ಅದೇ ಹೊರೆ, ಅದಕ್ಕೆ ಪಳಗಿದ ಕೈ. ವಾರಕ್ಕೊಮ್ಮೆ ಸಂತೆಗೆ ಹೋಗುವ ನಮಗೂ ಅವರಿಗೂ ಹೋಲಿಕೆ ಸಲ್ಲದು. ಕಳೆದ ಮಳೆಗಾಲದಲ್ಲಿ ನಮ್ಮ ಕಛೇರಿಯ ಹಿರಿಯರೊಬ್ಬರ ಚೀಲ ಮುಂದಿನ ಚಕ್ರದ ಕಡ್ಡಿಗಳಿಗೆ ಸಿಕ್ಕಿತು. ಚಕ್ರ ನಿಂತಿತು, ಇವರು ನಿಲ್ಲಲಿಲ್ಲ. ಹ್ಯಾಂಡಲ್ಲಿನ ಮೇಲಿಂದ ಮುಂದಕ್ಕೆ ಬಿದ್ದು ಹೆಗಲಿನ ಎಲುಬು ಮುರಿದುಕೊಂಡು ಆರು ವಾರ ರಜೆಯ ಮೇಲಿದ್ದರು. ಚೀಲದಲ್ಲಿದ್ದುದು ಒಂದೂವರೆ ಕಿಲೋ ಆಲೂಗಡ್ಡೆ ಮಾತ್ರ.

ಆದುದರಿಂದ ಈ ಸಲದ ಮಾತು ಇಷ್ಟೇ: ಮುಂಗಡೆಯ ಹೊರೆಯನ್ನು ಹ್ಯಾಂಡಲ್ಲು ಹೊರಬಾರದು, ಚಕ್ರದ ಅಚ್ಚು ಹೊರಬೇಕು, ಇಲ್ಲವೆ ಸೈಕಲ್ಲಿನ ಚೌಕಟ್ಟು ಹೊರಬೇಕು. ಹ್ಯಾಂಡಲ್ಲು ಇರುವುದು ತಿರುಗಿಸುವುದಕ್ಕೆ. ಅದಕ್ಕೆ ತೂಗಿಸಿದ ಭಾರ ಎತ್ತರದಲ್ಲಿರುತ್ತದೆ, ತೂಗಾಡುತ್ತದೆ, ತಿರುವಿನಲ್ಲಿ ಚಕ್ರವನ್ನು ತನ್ನ ಕಡೆಗೆ ಎಳೆಯುತ್ತದೆ. ಅದೇ ಭಾರ ಚಕ್ರಕ್ಕೆ ಹತ್ತಿರವಾಗಿ, ತಗ್ಗಿನಲ್ಲಿ, ಅಲುಗಾಡದಂತೆ ಕುಳಿತರೆ ಕೈಗೆ ಅಷ್ಟು ತಿಳಿಯುವುದೇ ಇಲ್ಲ.

ಅಂಗಡಿಯಲ್ಲಿ ಸಿಗತಕ್ಕ ಸಾಧನಗಳು ಮುಖ್ಯವಾಗಿ ಮೂರು ಬಗೆ.

ಮೊದಲನೆಯದು ಹ್ಯಾಂಡಲ್ಲಿಗೆ ಪಟ್ಟಿಯಿಂದಲೋ ಕೊಕ್ಕೆಯಿಂದಲೋ ಸಿಕ್ಕಿಸುವ ಬುಟ್ಟಿ ಅಥವಾ ಚೀಲ. ಅಗ್ಗ, ಹಗುರ, ಬೇಕೆಂದಾಗ ಕೈಯಲ್ಲಿ ಹಿಡಿದು ನಡೆಯಬಹುದು. ಕನ್ನಡಕ, ಡಬ್ಬಿ, ಮಳೆಯಂಗಿ ಇಷ್ಟಕ್ಕೆ ಸಾಕು. ಚೀಲದ ತಳಕ್ಕೂ ಮಡ್‌ಗಾರ್ಡಿಗೂ ನಡುವೆ ನಾಲ್ಕು ಬೆರಳು ಜಾಗವಿರಲಿ. ಹಳ್ಳ ಬಂದಾಗ ತುಂಬಿದ ಚೀಲ ಇನ್ನೂ ಕೆಳಗಿಳಿಯುತ್ತದೆ. ಹಳೆಯ ದೊಡ್ಡ ಸೈಕಲ್ಲುಗಳಲ್ಲಿ ಬ್ರೇಕು ಕೆಲಸ ಮಾಡುವುದು ಹ್ಯಾಂಡಲ್ಲಿನ ಕೆಳಗೆ ಹಾಯ್ದ ಕಬ್ಬಿಣದ ಸರಳುಗಳಿಂದ. ಚೀಲ ಆ ಸರಳನ್ನು ಒತ್ತಿದರೆ ಬ್ರೇಕು ಹಿಡಿಯುವುದೂ ಉಂಟು, ಹಿಡಿಯದಿರುವುದೂ ಉಂಟು. ಹೊಸ ಸೈಕಲ್ಲಿನಲ್ಲಿ ಸರಳಿನ ಬದಲು ತಂತಿಯ ಕೇಬಲ್ಲು, ಅದೂ ಮಡಿಸಿದಂತಾಗಬಾರದು.

ಎರಡನೆಯದು ಚಕ್ರದ ಮೇಲೆ ಕೂರುವ ಕ್ಯಾರಿಯರು. ಇದರ ಎರಡು ಕಾಲುಗಳು ಮುಂದಿನ ಅಚ್ಚಿನ ಬಳಿಗೆ ಇಳಿದು ಭಾರವನ್ನು ಅಲ್ಲಿಗೆ ಮುಟ್ಟಿಸುತ್ತವೆ. ಹಿಂದೆ ಪ್ಯಾರಿಸ್ಸಿನಲ್ಲಿ ಪತ್ರಿಕೆ ಹಂಚುವವರು ಕಟ್ಟುಗಟ್ಟಲೆ ಪತ್ರಿಕೆಗಳನ್ನು ಇಂಥ ಕ್ಯಾರಿಯರಿನ ಮೇಲೆ ಹೇರಿಕೊಂಡು ಓಡಾಡುತ್ತಿದ್ದರು. ಹೊರೆ ಸಮೇತ ಪಂದ್ಯಗಳನ್ನೂ ನಡೆಸುತ್ತಿದ್ದರಂತೆ! ಸಂಸಾರಸ್ಥರಿಗೆ ಇದೇ ಯೋಗ್ಯವೆಂದು ನನ್ನ ಅಭಿಪ್ರಾಯ. ಕೊಳ್ಳುವ ಮೊದಲು ಫೋರ್ಕಿನ ತುದಿಯಲ್ಲಿ ತಿರುಪು ಹಾಕುವ ತೂತು ಇದೆಯೇ ನೋಡಿ. ಸಾಮಾನ್ಯವಾಗಿ ಅದು 5 ಮಿಲಿಮೀಟರಿನ ತಿರುಪಿಗೆ ಹೊಂದುತ್ತದೆ. ಹಳೆಯ ಸೈಕಲ್ಲಾದರೆ ಕಾಲುಗಳನ್ನು ಅಚ್ಚಿನ ನಟ್ಟಿನ ಕೆಳಗೇ ಕೂರಿಸಬಹುದು. ಕುಲುಕು ತಡೆಯುವ ಸ್ಪ್ರಿಂಗ್ ಫೋರ್ಕಿಗೆ ಸಾಧಾರಣ ಕ್ಯಾರಿಯರು ಸಲ್ಲದು, ಏಕೆಂದರೆ ಫೋರ್ಕಿನ ಕೆಳಭಾಗ ಮೇಲೆ ಕೆಳಗೆ ಆಡುತ್ತಿರುತ್ತದೆ. ಕಾರ್ಬನ್ನಿನ ಫೋರ್ಕಿಗೆ ಪಟ್ಟಿ ಬಿಗಿದು ಕ್ಯಾರಿಯರು ನಿಲ್ಲಿಸುವ ಸಾಹಸವನ್ನೂ ಮಾಡಬೇಡಿ.

ಮೂರನೆಯದು ಚೌಕಟ್ಟಿಗೇ ಬಿಗಿದ ಬುಟ್ಟಿ. ಹ್ಯಾಂಡಲ್ಲು ತಿರುಗಿದರೂ ಇದು ತಿರುಗುವುದಿಲ್ಲ. ಇಂಗ್ಲೆಂಡಿನಲ್ಲಿ ಮಾಂಸದ ಅಂಗಡಿ, ರೊಟ್ಟಿಯ ಅಂಗಡಿಗಳ ಹುಡುಗರು ಓಡಿಸುತ್ತಿದ್ದ ಸೈಕಲ್ಲುಗಳಲ್ಲಿ ಮುಂದಿನ ಚಕ್ರವನ್ನು ಚಿಕ್ಕದು ಮಾಡಿ, ಅದರ ಮೇಲೆ ಇಂಥ ದೊಡ್ಡ ಬುಟ್ಟಿ ಇಡುತ್ತಿದ್ದರು. ಲಂಡನ್ನಿನ ಬ್ರಾಂಪ್ಟನ್ ಮಡಿಸುವ ಸೈಕಲ್ಲಿನ ಮುಂದಿನ ಚೀಲವೂ ಚೌಕಟ್ಟಿಗೇ ಸಿಕ್ಕಿಕೊಳ್ಳುತ್ತದೆ. ಭಾರ ಹೆಚ್ಚಾದರೂ ಹ್ಯಾಂಡಲ್ಲು ಹಗುರ. ಮೊದಲ ದಿನ ಮಾತ್ರ, ತಿರುಗಿಸಿದ ಮೇಲೂ ಬುಟ್ಟಿ ನೆಟ್ಟಗೇ ನೋಡುತ್ತಿರುವುದನ್ನು ಕಂಡು ಎದೆ ಧಸಕ್ಕೆನ್ನುತ್ತದೆ. ಎಲ್ಲ ಸೈಕಲ್ಲಿಗೂ ಇದು ಕೂರುವುದಿಲ್ಲ.

ಯಾವುದನ್ನು ಆರಿಸಬೇಕೆಂಬುದು ಹೊರೆಯ ಮೇಲೆ ಹೋಗುತ್ತದೆ. ನಿಮ್ಮ ಚೀಲವನ್ನು ಒಮ್ಮೆ ತೂಗಿ ನೋಡಿ. ಎರಡು ಲೀಟರು ಹಾಲೇ ಎರಡು ಕಿಲೋ ದಾಟುತ್ತದೆ; ಅದರ ಮೇಲೆ ತೆಂಗಿನಕಾಯಿ, ಕುಂಬಳಕಾಯಿ. ಸಾಧನದ ಮೇಲೆ ತಯಾರಕರು ಬರೆದ ಮಿತಿಯನ್ನು ಅಂಗಡಿಯವನ ಬಾಯಿಮಾತಿಗಾಗಿ ಮೀರಬೇಡಿ. ಭಾರವಾದ ಪದಾರ್ಥ ತಳದಲ್ಲಿ, ಎಡಬಲ ಸಮನಾಗಿರಲಿ.

ಇನ್ನು ಸಣ್ಣ ಮಾತುಗಳು. ಬುಟ್ಟಿ ದೀಪವನ್ನು ಮರೆಮಾಡಿದರೆ ದೀಪವನ್ನು ಕ್ಯಾರಿಯರಿನ ಮೂತಿಗೆ ಸಾಗಿಸಿ. ಹೊಸದಾಗಿ ಬಿಗಿದ ನಟ್ಟುಗಳನ್ನು ವಾರದ ಮೇಲೆ ಮತ್ತೊಮ್ಮೆ ಬಿಗಿಸಿ. ನಮ್ಮ ರಸ್ತೆಗಳು ಅವನ್ನು ಸಡಿಲಿಸದೆ ಬಿಡುವುದಿಲ್ಲ. ಒಂಟಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಮುಂದೆ ಹೊರೆ ಹೇರಿದರೆ ಹ್ಯಾಂಡಲ್ಲು ಹೊರಳಿ ಸೈಕಲ್ಲು ಮಗುಚುವುದುಂಟು. ಎರಡು ಕಾಲಿನ ಸ್ಟ್ಯಾಂಡು ಹಾಕಿಸಿ. ಚೀಲದ ಪಟ್ಟಿ, ದಾರಗಳನ್ನು ಒಳಗೆ ಸೇರಿಸಿ ಕಟ್ಟಿ. ಚೀಲಕ್ಕೆಂದು ಮಾಡಿದ ಕ್ಯಾರಿಯರಿನ ಮೇಲೆ, ಮನೆ ಎಷ್ಟೇ ಹತ್ತಿರವಿರಲಿ, ಮಗುವನ್ನು ಕೂರಿಸಕೂಡದು.

ಕೊಳ್ಳಲು ಹೋಗುವಾಗ ಸೈಕಲ್ಲನ್ನೂ ಒಯ್ಯಿರಿ, ತುಂಬಿದ ಚೀಲವನ್ನೂ ಒಯ್ಯಿರಿ. ಕ್ಯಾರಿಯರು ಕೂರಿಸಿ, ಚೀಲ ಇಟ್ಟು, ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಎರಡು ಬ್ರೇಕುಗಳನ್ನೂ ಹಿಡಿದು ನೋಡಿ, ಅಂಗಡಿಯ ಮುಂದೆಯೇ ಒಂದು ಸುತ್ತು ಹಾಕಿದ ಮೇಲೆ ಹಣ ಕೊಡಿ. ಅಂಗಡಿಯವನು ಗೊಣಗಿದರೆ ಗೊಣಗಲಿ. ಹಿಂದಿನ ಕ್ಯಾರಿಯರು ಮತ್ತು ಮಗುವಿನ ಪೀಠದ ವಿಚಾರವನ್ನು ಮುಂದಿನ ಸಂಚಿಕೆಯಲ್ಲಿ ನೋಡೋಣ.