ಕಡಲ ತೀರದ ಅತಿಥಿಗೃಹ ಮತ್ತು ಮಳೆಗಾಲದ ಲೆಕ್ಕ

ಬೆಂಗಳೂರಿನ ಉದ್ಯೋಗವನ್ನೋ ಉದ್ದಿಮೆಯನ್ನೋ ತೊರೆದು ಗೋಕರ್ಣ, ಹೊನ್ನಾವರ, ಮರವಂತೆ, ಕಾಪು ಮುಂತಾದೆಡೆಗಳಲ್ಲಿ ನಾಲ್ಕಾರು ಕೊಠಡಿಗಳ ಅತಿಥಿಗೃಹ ನಡೆಸುವ ಬಯಕೆ ಇಂದು ಅನೇಕರಲ್ಲಿದೆ. ಪೀಣ್ಯದಲ್ಲಿ ಸಣ್ಣ ಕಾರ್ಖಾನೆ ನಡೆಸಿ ದಣಿದವರು, ಮಕ್ಕಳು ಅಂಗಡಿಯನ್ನು ಮುಂದುವರಿಸಲಾರರೆಂದು ಅರಿತ ವರ್ತಕರು ಇದಕ್ಕೆ ಹೊರತಲ್ಲ. ಬಯಕೆಯಲ್ಲಿ ತಪ್ಪೇನೂ ಇಲ್ಲ. ಆದರೆ ಒಂದು ಲೇತ್ ಯಂತ್ರ ಕೊಳ್ಳುವ ಮುನ್ನ ಹತ್ತು ಬಾರಿ ಲೆಕ್ಕ ಹಾಕುವ ಉದ್ದಿಮೆದಾರನೇ ಕಡಲನ್ನು ಕಂಡೊಡನೆ ಲೆಕ್ಕದ ಪುಸ್ತಕವನ್ನು ಮುಚ್ಚಿಬಿಡುವುದು ಆತಂಕದ ಸಂಗತಿ.

ನಾಲ್ಕು ಕೊಠಡಿಗಳಿದ್ದರೆ ವರ್ಷಕ್ಕೆ 1,460 ಕೊಠಡಿ-ರಾತ್ರಿಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ 122 ದಿನಗಳ ಮಳೆ ಅದರಲ್ಲಿ 488 ಅನ್ನು ಬಹುಪಾಲು ನುಂಗುತ್ತದೆ. ಉಳಿದ ಎಂಟು ತಿಂಗಳಲ್ಲಿಯೂ ಅತಿಥಿಗಳು ಬರುವುದು ಮುಖ್ಯವಾಗಿ ವಾರಾಂತ್ಯದಲ್ಲಿ. ಸುಮಾರು 35 ವಾರಾಂತ್ಯಗಳು, ಎರಡೆರಡು ರಾತ್ರಿಗಳು, ಎಲ್ಲ ಕೊಠಡಿಗಳೂ ಭರ್ತಿ ಎಂದರೂ 280. ದಸರಾ, ಕ್ರಿಸ್‌ಮಸ್ ಹಾಗೂ ಬೇಸಿಗೆ ರಜೆಗಳನ್ನು ಸೇರಿಸಿ 350 ಎಂದು ಉದಾರವಾಗಿಯೇ ಹಿಡಿಯೋಣ. ಕೊಠಡಿಯೊಂದಕ್ಕೆ 3,000 ರೂಪಾಯಿಯಂತೆ ಹತ್ತೂವರೆ ಲಕ್ಷ. ಅಂತರಜಾಲದ ಬುಕಿಂಗ್ ಸಂಸ್ಥೆಗೆ ಶೇಕಡಾ 15 ದಲ್ಲಾಳಿ ಕೊಟ್ಟರೆ ಉಳಿಯುವುದು ಒಂಬತ್ತು ಲಕ್ಷಕ್ಕಿಂತ ತುಸು ಕಡಿಮೆ. 40 ಲಕ್ಷ ಸಾಲಕ್ಕೆ ಶೇಕಡಾ 10ರಂತೆ ನಾಲ್ಕು ಲಕ್ಷ ಬಡ್ಡಿ. ಅಡುಗೆಯವರಿಗೂ ಸ್ವಚ್ಛತೆಯವರಿಗೂ ತಿಂಗಳಿಗೆ ತಲಾ 15,000ದಂತೆ 3.6 ಲಕ್ಷ. ಇನ್ನು ವಿದ್ಯುತ್ತು, ದಿನಸಿ, ಬಣ್ಣ, ಹಾಸಿಗೆ ಬಟ್ಟೆ, ಸಾಲದ ಅಸಲು ಎಲ್ಲಕ್ಕೂ ದೊರೆಯುವುದು ಒಂದೂಕಾಲು ಲಕ್ಷದ ಆಸುಪಾಸು. ಮಾಲೀಕನ ದುಡಿಮೆಗೆ ಕೂಲಿ ಈ ಲೆಕ್ಕದಲ್ಲಿ ಬಂದೇ ಇಲ್ಲ.

ಮಳೆಗಾಲದಲ್ಲಿ ಆದಾಯ ನಿಲ್ಲುವುದೇ ಹೊರತು ವೆಚ್ಚ ನಿಲ್ಲುವುದಿಲ್ಲ. ಉಪ್ಪುಗಾಳಿಗೆ ಕಬ್ಬಿಣದ ಸರಳುಗಳು ಮಾತ್ರವಲ್ಲ, ಹವಾನಿಯಂತ್ರಣ ಯಂತ್ರದ ಹೊರಭಾಗವೂ ಬೇಗ ಸವೆಯುತ್ತದೆ. ನುರಿತ ಅಡುಗೆಯವರನ್ನು ಜೂನ್‌ನಲ್ಲಿ ಬಿಡುಗಡೆ ಮಾಡಿದರೆ ಅಕ್ಟೋಬರ್‌ನಲ್ಲಿ ಅವರು ಮರಳುವ ಭರವಸೆಯಿಲ್ಲ. ಮೀನೂಟಕ್ಕೆಂದೇ ಬರುವವರಿಗೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆಂಬುದು ನೆನಪಿರುವುದಿಲ್ಲ. ಬೇಸರವನ್ನು ಕೇಳಬೇಕಾದವನು ಅತಿಥಿಗೃಹದ ಯಜಮಾನ.

ಇಷ್ಟಾದರೂ ಈ ವೃತ್ತಿ ನಷ್ಟದ್ದೇ ಎನ್ನಲಾಗದು. ಹಾನಿ ಬಹುಪಾಲು ಆರಂಭವಾಗುವುದು ಬಂಡವಾಳವನ್ನೆಲ್ಲ ನೆಲಕ್ಕೂ ಗೋಡೆಗೂ ಸುರಿಯುವುದರಿಂದ. 2020ರ ಭೂ ಸುಧಾರಣಾ ತಿದ್ದುಪಡಿಯ ಬಳಿಕ ಕೃಷಿಕರಲ್ಲದವರಿಗೂ ಕೃಷಿಭೂಮಿ ಖರೀದಿ ಸುಲಭವಾಗಿದೆ. ಆದರೆ ಭೂಪರಿವರ್ತನೆಯ ಪ್ರಶ್ನೆ ಬೇರೆ, ಕರಾವಳಿ ನಿಯಂತ್ರಣ ವಲಯದ ಪ್ರಶ್ನೆ ಇನ್ನೂ ಬೇರೆ. ಜನಸಾಂದ್ರತೆ ಕಡಿಮೆಯಿರುವ ಗ್ರಾಮೀಣ ತೀರದಲ್ಲಿ ಉಬ್ಬರದ ರೇಖೆಯಿಂದ 200 ಮೀಟರಿನೊಳಗೆ ಹೊಸ ಕಟ್ಟಡಕ್ಕೆ ಸಾಮಾನ್ಯವಾಗಿ ಅವಕಾಶವಿಲ್ಲ. ಅದೇ 2019ರ ಅಧಿಸೂಚನೆ, ಸ್ಥಳೀಯ ಸಮುದಾಯದವರು ತಮ್ಮ ಈಗಿರುವ ಮನೆಗಳಲ್ಲಿ, ತಳಪಾಯವನ್ನಾಗಲಿ ವಿನ್ಯಾಸವನ್ನಾಗಲಿ ಬದಲಿಸದೆ, ಹೋಮ್‌ಸ್ಟೇ ನಡೆಸಲು ಅವಕಾಶವಿತ್ತಿದೆ. ಹೀಗಿರುವಾಗ ನಗರದಿಂದ ಹೋದವರು ಜಂಬಿಟ್ಟಿಗೆಯ ಹಳೆಯ ಮನೆಯ ಕುಟುಂಬದೊಡನೆ ಪಾಲುದಾರಿಕೆ ಮಾಡಿಕೊಳ್ಳುವುದು ವಿವೇಕದ ಮಾರ್ಗ. ಮನೆ ಅವರದು, ಪ್ರಚಾರ, ಲೆಕ್ಕಪತ್ರ, ಅತಿಥಿಗಳನ್ನು ಕರೆತರುವ ಹೊಣೆ ಇವರದು. ಕನಿಷ್ಠ ಒಂದು ಪೂರ್ಣ ಮಳೆಗಾಲವನ್ನು ಹೀಗೆ ಕಳೆದ ನಂತರವೇ ನೆಲ ಕೊಳ್ಳುವ ಮಾತು.

ಮಳೆಯನ್ನೂ ಮಾರಲು ಬರುತ್ತದೆ. 1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ಣಗೊಂಡ ಮೇಲೆ ಕರಾವಳಿಯ ಪ್ರಯಾಣ ಸುಗಮವಾಗಿದೆ; ಜೋಗ ತುಂಬಿ ಧುಮ್ಮಿಕ್ಕುವುದೂ ಇದೇ ತಿಂಗಳುಗಳಲ್ಲಿ. ಕಡಲಿಗೆ ಇಳಿಯಲಾಗದ ದಿನಗಳಲ್ಲಿ ಅತಿಥಿಯನ್ನು ಘಟ್ಟದತ್ತ ಕಳುಹಿಸಿ, ಸಂಜೆ ಬಿಸಿ ಊಟಕ್ಕೆ ಮರಳಿ ಬರಮಾಡಿಕೊಳ್ಳುವ ಏರ್ಪಾಡು ಮಾಡಿದರೆ ನಾಲ್ಕು ತಿಂಗಳು ಪೂರಾ ಬರಿದಾಗಬೇಕಿಲ್ಲ.

ವಾಣಿಜ್ಯ ಸಂಸ್ಥೆಗಳು ಗಮನ ಹರಿಸಬೇಕಾದುದು ಸಾಲದ ಕಂತಿನತ್ತ. ಬೆಳೆಸಾಲದ ಮರುಪಾವತಿಗೆ ಬ್ಯಾಂಕುಗಳು ಕೊಯ್ಲಿನ ಕಾಲವನ್ನು ನೋಡುತ್ತವೆ. ಎಂಟು ತಿಂಗಳ ದುಡಿಮೆಯ ಅತಿಥಿಗೃಹದಿಂದ ಮಾತ್ರ ಹನ್ನೆರಡು ಸಮಾನ ಕಂತುಗಳನ್ನು ಕೇಳುವುದು ರೂಢಿ. ಅಕ್ಟೋಬರ್‌ನಿಂದ ಮೇವರೆಗೆ ದೊಡ್ಡ ಕಂತು, ಮಳೆಗಾಲದಲ್ಲಿ ಬಡ್ಡಿ ಮಾತ್ರ ಎಂಬ ಏರ್ಪಾಡಿಗಾಗಿ ಕರಾವಳಿ ಜಿಲ್ಲೆಗಳ ವಾಣಿಜ್ಯ ಸಂಸ್ಥೆಗಳು ಒಟ್ಟಾಗಿ ಬ್ಯಾಂಕುಗಳ ಮುಂದೆ ಬೇಡಿಕೆ ಇಡುವುದು ಯುಕ್ತ. ಅದು ಮುಂದಿನ ಜೂನ್‌ಗೆ ಮುನ್ನವೇ ಆಗಬೇಕು.