ಗ್ರಾವೆಲ್ ಸೈಕಲ್‌ಗೆ ಶಾಕ್: ಬೇಕಾ, ಶೋಕಿನಾ?

ನಮ್ಮ ಕಾಲೇಜಿನ ಹಿಂದಿನ ಗೇಟ್ ದಾಟಿ ನಾಲ್ಕು ಕಿಲೋಮೀಟರ್ ಹೋದ್ರೆ ಒಂದು ಜಲ್ಲಿ ಕ್ರಷರ್ ಇದೆ. ವಾರವಿಡೀ ಟಿಪ್ಪರ್‌ಗಳು ಓಡಾಡಿ ಆ ಮಣ್ಣಿನ ರಸ್ತೆ ಸಿಮೆಂಟ್ ಶೀಟಿನ ಹಾಗೆ ಅಲೆ ಅಲೆಯಾಗಿದೆ. ಭಾನುವಾರ ಕ್ರಷರ್‌ಗೆ ರಜೆ, ಆವತ್ತು ಆ ರಸ್ತೆ ನಮ್ಮ ಐದು ಜನರ ಸೈಕಲ್ ಗುಂಪಿನದ್ದು. ಎರಡು ತಿಂಗಳ ಹಿಂದೆ ಅಲ್ಲಿನ ಇಳಿಜಾರಿನಲ್ಲಿ ನಮ್ಮಲ್ಲೊಬ್ಬ ಬಿದ್ದ. ಗುಂಡಿ ಇರಲಿಲ್ಲ, ನಾಯಿ ಅಡ್ಡ ಬರಲಿಲ್ಲ. ತಿರುವಿನಲ್ಲಿ ಬ್ರೇಕ್ ಹಿಡಿದ, ಮುಂದಿನ ಚಕ್ರ ಮಾತು ಕೇಳಲಿಲ್ಲ, ಅಷ್ಟೇ. ಕಾಲರ್ ಬೋನ್ ಮುರೀತು. ಆರು ವಾರ ಕೈಗೆ ಸ್ಲಿಂಗ್. ಎಡಗೈ ಆಗಿದ್ದರಿಂದ ಇಂಟರ್ನಲ್ಸ್ ಹೇಗೋ ಬರೆದ.

ಅವನದ್ದು ಗ್ರಾವೆಲ್ ಬೈಕ್. ನಮ್ಮಲ್ಲಿ ಬೈಕ್ ಅಂದ್ರೆ ಪೆಟ್ರೋಲ್ ಹಾಕೋದು ಅಂತಲೇ ಅರ್ಥ, ಹಾಗಾಗಿ ಇಲ್ಲಿ ಸೈಕಲ್ ಅಂತಲೇ ಬರೀತೀವಿ. ರೇಸ್ ಸೈಕಲ್‌ನ ಹಾಗೆ ಬಾಗಿದ ಹ್ಯಾಂಡಲ್, ಅದಕ್ಕಿಂತ ಅಗಲವಾದ ಟೈರ್, ಮುಂದೆ ಶಾಕ್ ಇಲ್ಲದ ಗಟ್ಟಿ ಫೋರ್ಕ್. ಆವತ್ತು ರಾತ್ರಿ ಹಾಸ್ಟೆಲ್ ರೂಮಿನಲ್ಲಿ ಶುರುವಾದ ವಾದ ಇನ್ನೂ ನಿಂತಿಲ್ಲ.

“ಮಗಾ, ಮುಂದೆ ಶಾಕ್ ಇದ್ದಿದ್ರೆ ಬೀಳ್ತಿರ್ಲಿಲ್ಲ.”

“ಶಾಕ್ ಬೇಕಿದ್ರೆ ಎಂಟಿಬಿ ತಗೋಬೇಕಿತ್ತು ಗುರು. ಗ್ರಾವೆಲ್ ಸೈಕಲ್‌ಗೆ ಶಾಕ್ ಹಾಕೋದು ಬರೀ ಶೋಕಿ.”

ಬಿದ್ದವನು ಅಷ್ಟರಲ್ಲಿ ಮೊಬೈಲಿನಲ್ಲಿ ಸಸ್ಪೆನ್ಷನ್ ಫೋರ್ಕ್ ಹುಡುಕಿ ಇಟ್ಟಿದ್ದ. ಬೆಲೆ ನೋಡಿ ಎಲ್ಲರೂ ಸುಮ್ಮನಾದ್ವಿ. ನಮ್ಮಲ್ಲಿ ಹಲವರ ಇಡೀ ಸೈಕಲ್‌ಗಿಂತ ಜಾಸ್ತಿ. ಇಂಟರ್ನ್‌ಶಿಪ್ ದುಡ್ಡು ಪೂರ್ತಿ ಅದಕ್ಕೇ ಹೋಗುತ್ತೆ. ಹಾಗಾಗಿ ಇದು ಸುಮ್ಮನೆ ಹರಟೆಯ ವಿಷಯ ಅಲ್ಲ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡ್ತೀವಿ: ಗ್ರಾವೆಲ್ ಸೈಕಲ್‌ಗೆ ಸಸ್ಪೆನ್ಷನ್ ಫೋರ್ಕ್ ಶೋಕಿ ಅಲ್ಲ, ಅದಕ್ಕೆ ನಿಜವಾದ ಕೆಲಸ ಇದೆ. ಆದ್ರೆ ನಮ್ಮಂಥವರಿಗೆ ಅದು ಮೂರನೇ ಮೆಟ್ಟಿಲು. ಮೊದಲ ಎರಡು ಮೆಟ್ಟಿಲು ಹತ್ತದೆ ಅಲ್ಲಿಗೆ ಹಾರಬಾರದು.

ಅವನು ಯಾಕೆ ಬಿದ್ದ ಅಂತ ತಿಳಿಯೋಕೆ ಮುಂದಿನ ಭಾನುವಾರ ಟೇಪ್ ಹಿಡಿದು ಅಲ್ಲಿಗೆ ಹೋದ್ವಿ. ರಸ್ತೆಯ ಒಂದು ಅಲೆಯಿಂದ ಇನ್ನೊಂದಕ್ಕೆ ಸುಮಾರು 60 ಸೆಂಟಿಮೀಟರ್. ಅವನ ವೇಗ ಗಂಟೆಗೆ 30 ಕಿ.ಮೀ. ಆಸುಪಾಸು, ಅಂದ್ರೆ ಸೆಕೆಂಡಿಗೆ 8.3 ಮೀಟರ್. ಭಾಗಿಸಿ ನೋಡಿ: ಮುಂದಿನ ಚಕ್ರಕ್ಕೆ ಸೆಕೆಂಡಿಗೆ ಸುಮಾರು 14 ಏಟು. ಪ್ರತಿ ಏಟಿಗೂ ಚಕ್ರ ಸ್ವಲ್ಪ ಮೇಲೆ ಹಾರುತ್ತೆ. ಘರ್ಷಣೆ ಬಲ ಅಂದ್ರೆ ಮ್ಯೂ ಗುಣಿಸು ನಾರ್ಮಲ್ ಫೋರ್ಸ್ ಅಂತ ಪಿಯುಸಿಯಲ್ಲೇ ಓದಿದ್ದೀವಿ. ಚಕ್ರ ನೆಲ ಮುಟ್ಟದ ಹೊತ್ತಿನಲ್ಲಿ ನಾರ್ಮಲ್ ಫೋರ್ಸ್ ಸೊನ್ನೆ. ಆಗ ಬ್ರೇಕ್ ಹಿಡಿದ್ರೂ ಅಷ್ಟೇ, ಹ್ಯಾಂಡಲ್ ತಿರುಗಿಸಿದ್ರೂ ಅಷ್ಟೇ.

ಶಾಕ್ ಅಂದ್ರೆ ಕೈಗೆ ಮೆತ್ತೆ ಅಂತ ನಾವೆಲ್ಲಾ ತಿಳ್ಕೊಂಡಿದ್ವಿ. ಮೆತ್ತೆ ಅನ್ನೋದು ಪುಕ್ಕಟೆ ಸಿಗೋ ಲಾಭ. ಅದರ ಮುಖ್ಯ ಕೆಲಸ ಚಕ್ರವನ್ನು ನೆಲಕ್ಕೆ ಅಂಟಿಸಿಡೋದು. ಗಟ್ಟಿ ಫೋರ್ಕ್ ಇದ್ರೆ ಪ್ರತಿ ಉಬ್ಬಿಗೂ ಸೈಕಲ್‌ನ ಮುಂಭಾಗ, ಅದರ ಜೊತೆ ನಮ್ಮ ತೋಳು, ಭುಜ ಎಲ್ಲಾ ಮೇಲೇಳಬೇಕು. ಸಸ್ಪೆನ್ಷನ್ ಇದ್ರೆ ಚಕ್ರ ಮತ್ತು ಫೋರ್ಕಿನ ಕೆಳಭಾಗ ಮಾತ್ರ ಎದ್ದು ಬೇಗ ಕೆಳಗೆ ಬರುತ್ತೆ. ಇದರಲ್ಲಿ ಎರಡು ಭಾಗ: ಏಟು ನುಂಗೋದು ಸ್ಪ್ರಿಂಗ್, ನುಂಗಿದ್ದನ್ನು ವಾಪಸ್ ಎಸೆಯದ ಹಾಗೆ, ಎಣ್ಣೆಯನ್ನು ಸಣ್ಣ ರಂಧ್ರಗಳ ಮೂಲಕ ತಳ್ಳಿ ಶಾಖ ಮಾಡಿ ಕಳೆಯೋದು ಡ್ಯಾಂಪರ್. ವೈಬ್ರೇಷನ್ಸ್ ಪೇಪರ್ ಬರೆದವರಿಗೆ ಈ ಮಾಡೆಲ್ ಹೊಸದಲ್ಲ.

ಇಷ್ಟೆಲ್ಲಾ ಲೆಕ್ಕ ಹಾಕಿ ಶಾಕ್ ಪಕ್ಷ ಗೆದ್ದೇಬಿಡ್ತು ಅನ್ನೋಷ್ಟರಲ್ಲಿ ಒಬ್ಬ ಅವನ ಸೈಕಲ್‌ಗೆ ಪಂಪ್ ಸಿಕ್ಕಿಸಿದ. ಮುಳ್ಳು 60 ಪಿಎಸ್‌ಐ ತೋರಿಸ್ತು. ಯಾರೂ ಮಾತಾಡ್ಲಿಲ್ಲ. ಯಾಕಂದ್ರೆ ಗಾಳಿ ಹೊಡೆದದ್ದು ನಾವೇ, ಹಿಂದಿನ ರಾತ್ರಿ, ಐದೂ ಸೈಕಲ್‌ಗೆ. ಟೈರಿನ ಪಕ್ಕದಲ್ಲಿ ಬರೆದಿರೋ ಗರಿಷ್ಠ ಒತ್ತಡವೇ ಸರಿಯಾದ ಒತ್ತಡ ಅಂತ ನಂಬಿದ್ವಿ. 62 ಕೆ.ಜಿ. ಹುಡುಗ, 38 ಮಿ.ಮೀ. ಟೈರ್, ಅದಕ್ಕೆ 60 ಪಿಎಸ್‌ಐ ಅಂದ್ರೆ ಕಲ್ಲಿನ ಚಕ್ರ ಕೊಟ್ಟ ಹಾಗೆ. ಟೈರ್ ಕೂಡ ಒಂದು ಸ್ಪ್ರಿಂಗ್ ತಾನೆ? ಆ ಸ್ಪ್ರಿಂಗನ್ನು ನಾವೇ ಕೊಂದಿದ್ವಿ. 38ಕ್ಕೆ ಇಳಿಸಿ ಅದೇ ಇಳಿಜಾರಿನಲ್ಲಿ ಇಳಿದ್ವಿ. ಚಕ್ರದ ಕುಣಿತ ಪೂರ್ತಿ ನಿಲ್ಲಲಿಲ್ಲ, ಆದ್ರೆ ಬ್ರೇಕ್ ಹಿಡಿದಾಗ ಹಿಡಿತ ಇತ್ತು. ತುಂಬಾ ಇಳಿಸಿದ್ರೂ ಕಷ್ಟ, ಕಲ್ಲಿಗೆ ಬಡಿದು ರಿಮ್ ಮತ್ತು ಕಲ್ಲಿನ ನಡುವೆ ಟ್ಯೂಬ್ ಸಿಕ್ಕಿ ಪಂಕ್ಚರ್ ಆಗುತ್ತೆ. ಒಂದು ಹದ ಇದೆ, ಅದನ್ನು ಪ್ರತಿಯೊಬ್ಬರೂ ತಮ್ಮ ತೂಕಕ್ಕೆ ಹುಡುಕ್ಕೋಬೇಕು. ಇದು ಮೊದಲನೇ ಮೆಟ್ಟಿಲು, ಖರ್ಚು ಸೊನ್ನೆ. ಎರಡನೇದು, ಫ್ರೇಮಿನಲ್ಲಿ ಜಾಗ ಇದ್ರೆ ಇನ್ನೂ ಅಗಲವಾದ ಟೈರ್.

ಈ ಪಾಠವನ್ನು ನಮಗಿಂತ ಬಹಳ ಮೊದಲು ಕಲಿತದ್ದು ಫ್ರಾನ್ಸಿನ ಪ್ಯಾರಿಸ್–ರೂಬೆ ರೇಸ್. ಹಳೇ ಕಲ್ಲುಹಾಸಿನ ದಾರಿಗಳ ಮೇಲೆ ನಡೆಯೋ ರಸ್ತೆ ರೇಸ್ ಅದು. 1992 ಮತ್ತು 1993ರಲ್ಲಿ ಜಿಲ್ಬರ್ ಡ್ಯುಕ್ಲೊ-ಲಸಾಲ್, 1994ರಲ್ಲಿ ಆಂದ್ರೇ ಚ್ಮಿಲ್ ಗೆದ್ದಾಗ ಅವರ ಸೈಕಲ್‌ಗಳಲ್ಲಿ ರಾಕ್‌ಶಾಕ್ಸ್ ಸಸ್ಪೆನ್ಷನ್ ಫೋರ್ಕ್ ಇತ್ತು. ಸತತ ಮೂರು ವರ್ಷ ಗೆದ್ದ ವಸ್ತು, ಆಮೇಲೆ ಅಲ್ಲಿಂದ ಮಾಯವಾಯ್ತು. ಈಗ ಅದೇ ಕಲ್ಲುಗಳ ಮೇಲೆ 30 ಮಿ.ಮೀ. ಮತ್ತು ಅದಕ್ಕಿಂತ ಅಗಲದ ಟೈರ್‌ಗಳಿಗೆ ಕಡಿಮೆ ಗಾಳಿ ಹಾಕಿ, ಗಟ್ಟಿ ಫೋರ್ಕಿನಲ್ಲೇ ಓಡಿಸ್ತಾರೆ. ಗ್ರಾವೆಲ್ ರೇಸಿಂಗ್‌ನ ದೊಡ್ಡ ಹಬ್ಬ ಅಮೆರಿಕದ ಕಾನ್ಸಾಸ್‌ನ ಎಂಪೋರಿಯಾದಲ್ಲಿ 2006ರಲ್ಲಿ ಶುರುವಾದ ರೇಸ್, ಈಗಿನ ಹೆಸರು ಅನ್‌ಬೌಂಡ್ ಗ್ರಾವೆಲ್, ಮುಖ್ಯ ದೂರ 200 ಮೈಲಿ. ಅಲ್ಲೂ ಮುಂಚೂಣಿಯವರು ಈಚೆಗೆ ಮೌಂಟನ್ ಬೈಕ್‌ನಷ್ಟು ಅಗಲದ ಟೈರ್‌ಗಳತ್ತ ಹೋಗಿದ್ದಾರೆ.

ಹಾಗಾದ್ರೆ ಫೋರ್ಕ್ ಯಾಕೆ ಬೇಕು? ಟೈರಿಗೆ ಒಂದು ಮಿತಿ ಇದೆ. ಅದು ಒಳ್ಳೆ ಸ್ಪ್ರಿಂಗ್, ಆದ್ರೆ ಡ್ಯಾಂಪಿಂಗ್ ಬಹಳ ಕಡಿಮೆ. ಉದ್ದದ, ಕಲ್ಲು ತುಂಬಿದ ಇಳಿಜಾರಿನಲ್ಲಿ ಅದು ನುಂಗಿದ್ದನ್ನೆಲ್ಲಾ ವಾಪಸ್ ಕೊಡುತ್ತೆ. ಅಲ್ಲಿ 30-40 ಮಿ.ಮೀ. ಅಲುಗಾಡೋ ಫೋರ್ಕ್ ನಿಜವಾಗಿ ಜೀವ ಉಳಿಸುತ್ತೆ. 2015ರಲ್ಲಿ ಕ್ಯಾನನ್‌ಡೇಲ್ ತನ್ನ ಸ್ಲೇಟ್ ಸೈಕಲ್‌ಗೆ ಒಂದೇ ಕಾಲಿನ 30 ಮಿ.ಮೀ. ಫೋರ್ಕ್ ಹಾಕ್ತು. 2021ರಲ್ಲಿ ರಾಕ್‌ಶಾಕ್ಸ್‌ನ ರೂಡಿ 30 ಮತ್ತು 40 ಮಿ.ಮೀ.ಗಳಲ್ಲಿ, ಫಾಕ್ಸ್‌ನ 32 ಟೇಪರ್-ಕಾಸ್ಟ್ 40 ಮತ್ತು 50 ಮಿ.ಮೀ.ಗಳಲ್ಲಿ ಬಂದ್ವು. “ಇದೆಲ್ಲಾ ಹಳೇ ಎಂಟಿಬಿನೇ ಗುರು” ಅನ್ನೋರ ತಮಾಷೆಯಲ್ಲಿ ಸತ್ಯ ಇದೆ: 1989ರ ರಾಕ್‌ಶಾಕ್ಸ್ ಆರ್‌ಎಸ್-1ರಲ್ಲಿ ಇದ್ದದ್ದೂ ಸುಮಾರು 50 ಮಿ.ಮೀ. ಮಾತ್ರ. ಅದರಿಂದ ಏನಾಯ್ತು? ಹಳೇ ಉತ್ತರ ಹೊಸ ಪ್ರಶ್ನೆಗೆ ಸರಿಹೊಂದಿದ್ರೆ ತಪ್ಪೇನಿಲ್ಲ.

“ತೂಕ ಜಾಸ್ತಿ” ಅನ್ನೋದು ಇನ್ನೊಂದು ಆಕ್ಷೇಪ. ಕಾರ್ಬನ್ ಗಟ್ಟಿ ಫೋರ್ಕ್ ಅರ್ಧ ಕೆ.ಜಿ. ಒಳಗೆ, ಸಸ್ಪೆನ್ಷನ್ ಫೋರ್ಕ್ ಒಂದೂಕಾಲು ಕೆ.ಜಿ. ಹತ್ರ. ಹೆಚ್ಚುವರಿ 800 ಗ್ರಾಂ ಅಂತಿಟ್ಕೊಳ್ಳಿ. ಸವಾರ, ಸೈಕಲ್ ಸೇರಿ 80 ಕೆ.ಜಿ. ಆದ್ರೆ ಇದು ಶೇಕಡಾ 1. ಅರ್ಧ ಗಂಟೆಯ ಏರಿನಲ್ಲಿ 18 ಸೆಕೆಂಡ್ ನಷ್ಟ. ರೇಸ್ ಓಡೋರಿಗೆ ಅದು ದೊಡ್ಡದು. ನಾವು ಅರ್ಧ ಏರಿನಲ್ಲಿ ನಿಂತು ಚಕ್ಕುಲಿ ತಿನ್ನೋರು.

ನಮ್ಮ ಆತಂಕ ಬೇರೆ ಎರಡು ಕಡೆ ಇದೆ. ಒಂದು, ಜ್ಯಾಮಿತಿ. ಸಸ್ಪೆನ್ಷನ್ ಫೋರ್ಕ್ ಗಟ್ಟಿ ಫೋರ್ಕಿಗಿಂತ ಉದ್ದ. ಮುಂಭಾಗ 30 ಮಿ.ಮೀ. ಎತ್ತರ ಆಯ್ತು ಅಂದ್ರೆ, ಚಕ್ರಗಳ ನಡುವಿನ ಅಂತರ 1030 ಮಿ.ಮೀ. ಇರೋ ಸೈಕಲ್ ಸುಮಾರು 1.7 ಡಿಗ್ರಿ ಹಿಂದಕ್ಕೆ ವಾಲುತ್ತೆ. ಹ್ಯಾಂಡಲ್ ತಿರುಗೋ ರೀತಿಯೇ ಬದಲಾಗುತ್ತೆ. ಅಂಥ ಫೋರ್ಕಿಗೆ ಅಂತಲೇ ಮಾಡಿದ ಫ್ರೇಮ್ ಅಲ್ಲದಿದ್ರೆ ಹಾಕಲೇಬಾರದು. ನಮ್ಮ ಗೆಳೆಯನ ಫ್ರೇಮ್ ಅಂಥದ್ದಲ್ಲ. ಎರಡು, ಸರ್ವೀಸ್. ಇಂಥ ಫೋರ್ಕ್‌ಗಳ ಕೆಳಭಾಗವನ್ನು ಸಾಮಾನ್ಯವಾಗಿ 50 ಗಂಟೆ ಓಡಿಸಿದ ಮೇಲೆ ಬಿಚ್ಚಿ, ತೊಳೆದು, ಎಣ್ಣೆ ಬದಲಿಸಬೇಕು. ವಾರಕ್ಕೆ ಐದು ಗಂಟೆ ಓಡಿಸಿದ್ರೆ ಹತ್ತು ವಾರಕ್ಕೊಮ್ಮೆ. ಕ್ರಷರ್ ಧೂಳಿನಲ್ಲಿ ಓಡಿಸಿ ಇದನ್ನು ಮರೆತ್ರೆ ಸೀಲ್ ಹೋಗುತ್ತೆ, ಆಮೇಲೆ ಅಷ್ಟು ದುಡ್ಡು ಕೊಟ್ಟ ಫೋರ್ಕ್ ಗಟ್ಟಿ ಫೋರ್ಕಿಗಿಂತ ಕಡೆ.

ಈಗ ನಿಜವಾದ ಶೋಕಿ ಎಲ್ಲಿದೆ ಅಂತ ಹೇಳ್ತೀವಿ. ನಮ್ಮ ಹಾಸ್ಟೆಲ್ ಸೈಕಲ್ ಸ್ಟ್ಯಾಂಡಿನಲ್ಲೇ ಇದೆ. ಫಸ್ಟ್ ಇಯರ್‌ನಲ್ಲಿ “ಶಾಕ್ ಇರೋ ಸೈಕಲ್ ಬೇಕು” ಅಂತ ಅಪ್ಪನ ಹತ್ರ ಹಟ ಮಾಡಿ ತಗೊಂಡಂಥವು. ಸೀನಿಯರ್ ಒಬ್ಬರು ಬಿಟ್ಟುಹೋದ ಸೈಕಲ್‌ನ ಫೋರ್ಕನ್ನು ವರ್ಕ್‌ಶಾಪಿನ ಅಟೆಂಡರ್ ಅಣ್ಣನ ಸಹಾಯದಿಂದ ಬಿಚ್ಚಿದ್ವಿ. ತೂಕ 2.4 ಕೆ.ಜಿ. ಒಳಗೆ ಒಂದು ಉಕ್ಕಿನ ಸ್ಪ್ರಿಂಗ್, ಒಂದು ರಬ್ಬರ್ ತುಂಡು, ಒಣಗಿದ ಗ್ರೀಸ್. ಡ್ಯಾಂಪರ್ ಇಲ್ಲವೇ ಇಲ್ಲ. ಅಣ್ಣ ನೋಡಿ, “ಇದು ಶಾಕ್ ಅಲ್ಲಪ್ಪ, ಚೀಲದಲ್ಲಿ ಕಟ್ಟಿದ ಸ್ಪ್ರಿಂಗು” ಅಂದ್ರು.

ಡ್ಯಾಂಪರ್ ಇಲ್ಲದ್ದೆಲ್ಲಾ ಕೆಟ್ಟದ್ದು ಅಂತ ಅಲ್ಲ. ಐಸ್‌ಲ್ಯಾಂಡಿನ ಲೌಫ್ ಕಂಪನಿಯ ಗ್ರಿಟ್ ಫೋರ್ಕಿನಲ್ಲೂ ಡ್ಯಾಂಪರ್ ಇಲ್ಲ. ಗಾಜಿನ ನಾರಿನ ಪಟ್ಟಿ ಸ್ಪ್ರಿಂಗ್‌ಗಳು, 30 ಮಿ.ಮೀ. ಚಲನೆ, ಒಂದು ಕೆ.ಜಿ.ಗಿಂತ ಕಡಿಮೆ ತೂಕ. ಉಜ್ಜೋ ಭಾಗಗಳಿಲ್ಲದ್ದರಿಂದ ಸಣ್ಣ ನಡುಕಕ್ಕೂ ಅಲುಗುತ್ತೆ, ಸರ್ವೀಸ್ ಗೋಳಿಲ್ಲ. ದೊಡ್ಡ ಏಟಿಗೆ ಪುಟಿಯುತ್ತೆ ಅನ್ನೋದನ್ನು ಒಪ್ಪಿಕೊಂಡೇ ಮಾಡಿದ ವಿನ್ಯಾಸ. ಅವರು ಒಂದನ್ನು ಬಿಟ್ಟು ಇನ್ನೊಂದನ್ನು ಗಳಿಸಿದ್ರು. ನಾವು ಬಿಚ್ಚಿದ ಫೋರ್ಕ್ ಬಿಟ್ಟದ್ದು ಎಲ್ಲವನ್ನೂ, ಗಳಿಸಿದ್ದು ನೋಟ ಮಾತ್ರ.

ನಮ್ಮ ಗೆಳೆಯ ಹೋದ ವಾರ ವಾಪಸ್ ಬಂದ. ಫೋರ್ಕ್ ತಗೊಂಡಿಲ್ಲ, 42 ಮಿ.ಮೀ. ಟೈರ್ ಹಾಕಿಸಿದ್ದಾನೆ. ಇಳಿಜಾರಿನ ತುದಿಯಲ್ಲಿ ನಿಂತು ಜೇಬಿಂದ ಪ್ರೆಷರ್ ಗೇಜ್ ತೆಗೆದು ನಮ್ಮ ಐದೂ ಸೈಕಲ್ ಪರೀಕ್ಷಿಸಿದ, ಬೈದ, ಆಮೇಲೆ ಇಳಿದ. ಮುಂದೆ ಕೆಲಸ ಸಿಕ್ಕಿ, ಬೆಟ್ಟದ ದಾರಿಗೆ ಅಂತಲೇ ಹೊಸ ಫ್ರೇಮ್ ತಗೊಂಡಾಗ ಅದಕ್ಕೆ ಫೋರ್ಕ್ ಹಾಕಿಸ್ತಾನಂತೆ. ಹಾಕಿಸ್ಲಿ, ಆಗ ನಾವೂ ಚಪ್ಪಾಳೆ ಹೊಡೀತೀವಿ.

ಸದ್ಯಕ್ಕೆ ಆ ಗೇಜ್ ನಮ್ಮ ರೂಮಿನಲ್ಲಿದೆ. ಶಾಕ್ ಇರಲಿ ಇಲ್ಲದಿರಲಿ, ಸೈಕಲ್ ತಂದು ಗಾಳಿ ನೋಡಿಸ್ಕೊಂಡು ಹೋಗಿ.